ಎರಡು ಹಗ್ಗ, ಮೂರು ಕೊಯ್ತ: ಮಳೆಗಾಲಕ್ಕೆ ಮುಂಚೆ ಮರ ಸವರಿಸುವವರಿಗೆ

ನಾಸಿಕ ಜಿಲ್ಲೆಯ ದಿಂಡೋರಿ, ನಿಫಾಡ ಕಡೆಯ ದ್ರಾಕ್ಷಿ ತೋಟಗಳಲ್ಲಿ ಕತ್ತರಿ ಹಿಡಿದ ಕೂಲಿಯಾಳಿಗೂ ಯಾವ ಕಣ್ಣಿನ ಮೇಲೆ, ಎಷ್ಟು ಅಂತರ ಬಿಟ್ಟು ಕತ್ತರಿಸಬೇಕು ಎಂಬುದು ಗೊತ್ತು. ಏಪ್ರಿಲ್‌ನಲ್ಲಿ ಒಂದು ಚಾಟಣಿ (ಸವರುವಿಕೆ), ಅಕ್ಟೋಬರ್‌ನಲ್ಲಿ ಇನ್ನೊಂದು. ನಮ್ಮ ವಿಜಯಪುರದ ತೋಟಗಳಲ್ಲೂ ಅದೇ ಲೆಕ್ಕ, ಅದೇ ಮಾತು. ಕಣ್ಣು ತಪ್ಪಿದರೆ ಗೊನೆ ಕಡಿಮೆ ಎಂಬ ಭಯ ಕೈಯನ್ನು ಹದದಲ್ಲಿ ಇಟ್ಟಿರುತ್ತದೆ. ಮೇ ತಿಂಗಳ ಕೊನೆಗೆ ಅದೇ ನಾಸಿಕದ ಪೇಟೆಯೊಳಗೆ ಬಂದು ನೋಡಿದರೆ ಮರಗಳ ಮೇಲೆ ಕಾಣುವುದು ಬೇರೆಯೇ ಕೈ. ಗುಲ್‌ಮೊಹರಿನ ತಲೆಯನ್ನು ಸಪಾಟಾಗಿ ಹಾರಿಸಿರುತ್ತಾರೆ. ಬೇವಿನ ಒಂದು ಮಗ್ಗುಲು ಪೂರ್ತಿ ಬೋಳು. ಕಡಿದಲ್ಲೆಲ್ಲ ಮೊಳದುದ್ದದ ಮೋಟು, ಇಲ್ಲವೇ ಕಾಂಡದುದ್ದಕ್ಕೂ ಸೀಳಿ ಇಳಿದ ತೊಗಟೆ. ಛತ್ರಪತಿ ಸಂಭಾಜಿನಗರದ ಬಡಾವಣೆಗಳಲ್ಲಿಯೂ ಇದೇ ನೋಟ. ಹುಬ್ಬಳ್ಳಿ, ಕಲಬುರಗಿಯವರೂ ಇದನ್ನು ದಿನಾ ನೋಡುತ್ತಾರೆ.

ಮರಕ್ಕೆ ಕೊಡಲಿ ಹಾಕುವುದು ಒಂದು ಕೆಲಸ, ಮರವನ್ನು ಉಳಿಸಿಕೊಂಡು ಅದರ ಅಪಾಯವನ್ನು ಮಾತ್ರ ಇಳಿಸುವುದು ಇನ್ನೊಂದು. ಎರಡನೆಯದಕ್ಕೆ ಹೊರಗಿನ ದೇಶಗಳಲ್ಲಿ ಪ್ರತ್ಯೇಕ ಕಸುಬೇ ಇದೆ: ಟ್ರೀ ಸರ್ಜನ್, ಆರ್ಬರಿಸ್ಟ್. ಇವರ ಅಂತರರಾಷ್ಟ್ರೀಯ ಸಂಘ ಅಮೆರಿಕದಲ್ಲಿ 1924ರಲ್ಲಿ ಹುಟ್ಟಿತು; ಮರ ಹತ್ತುವ ಸ್ಪರ್ಧೆಯನ್ನು 1976ರಿಂದ ನಡೆಸುತ್ತಿದೆ. ನಮ್ಮಲ್ಲಿ ಈ ತರಬೇತಿ ಪಡೆದವರು ಬೆರಳೆಣಿಕೆ. ಆದರೆ ಕೆಲಸದ ರೀತಿ ಏನೂ ಗುಟ್ಟಲ್ಲ. ಮನೆಯಂಗಳದಲ್ಲೋ ಸೊಸೈಟಿಯ ಆವರಣದಲ್ಲೋ ದೊಡ್ಡ ಮರ ಇಟ್ಟುಕೊಂಡಿರುವವರು ಅದನ್ನು ತಿಳಿದಿದ್ದರೆ, ಬಂದ ಆಳಿಗೆ ಏನು ಹೇಳಬೇಕು, ಯಾವಾಗ ಕೆಲಸ ನಿಲ್ಲಿಸಬೇಕು ಎಂಬುದು ಗೊತ್ತಾಗುತ್ತದೆ. ಮರವೂ ಉಳಿಯುತ್ತದೆ, ಹತ್ತಿದವನೂ ಸುಖವಾಗಿ ಇಳಿಯುತ್ತಾನೆ.

ಮೊದಲು ಕಾಗದ

ಮಹಾರಾಷ್ಟ್ರದ ನಗರ ಪ್ರದೇಶಗಳಿಗೆ 1975ರ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಅದರ ಪ್ರಕಾರ ಪ್ರತಿ ಮಹಾನಗರಪಾಲಿಕೆಗೂ ಒಂದು ವೃಕ್ಷ ಪ್ರಾಧಿಕರಣ, ಅದರ ಕೆಳಗೆ ವೃಕ್ಷ ಅಧಿಕಾರಿ. ಅರ್ಜಿ ಕೊಡಬೇಕಾದದ್ದು ಪಾಲಿಕೆಯ ಉದ್ಯಾನ ವಿಭಾಗಕ್ಕೆ. ಈ ಕಾಯ್ದೆಯಲ್ಲಿ ಮರ ಕಡಿಯುವುದು ಎಂದರೆ ಬುಡಸಮೇತ ಉರುಳಿಸುವುದು ಮಾತ್ರವಲ್ಲ. ಸುಡುವುದು, ಯಾವುದೇ ರೀತಿಯಲ್ಲಿ ಮರಕ್ಕೆ ಹಾನಿ ಮಾಡುವುದು ಕೂಡ ಅದರಲ್ಲಿ ಸೇರುತ್ತದೆ. ನಮ್ಮ ಜಾಗ, ನಮ್ಮ ಮರ, ನಾಲ್ಕು ಕೊಂಬೆ ತೆಗೆದರೆ ಯಾರು ಕೇಳುತ್ತಾರೆ ಎಂಬ ಮಾತು ಅಲ್ಲಿ ನಡೆಯದು. ಕರ್ನಾಟಕದ 1976ರ ಕಾಯ್ದೆಯೂ ಕೊಂಬೆ ಸವರುವುದನ್ನು, ತೊಗಟೆ ಸುತ್ತ ಕೆತ್ತುವುದನ್ನು ಕಡಿತದ ಲೆಕ್ಕಕ್ಕೇ ಸೇರಿಸಿದೆ.

ಮಹಾರಾಷ್ಟ್ರ 2021ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, 50 ವರ್ಷ ದಾಟಿದ ಮರವನ್ನು ಪಾರಂಪರಿಕ ವೃಕ್ಷ ಎಂದು ಕರೆಯಿತು. ಕಡಿದ ಮರದ ವಯಸ್ಸು ಎಷ್ಟೋ ಅಷ್ಟು ಸಸಿ ನೆಡಬೇಕು ಎಂಬ ನಿಯಮವೂ ಆಗಲೇ ಬಂತು. ಅಜ್ಜನ ಕಾಲದ ಹುಣಸೆಮರ ಅಂಗಳದಲ್ಲಿದ್ದರೆ ಅದು ಈ ಲೆಕ್ಕಕ್ಕೆ ಬಂದೇ ಬರುತ್ತದೆ. ಅರ್ಜಿಯ ಜೊತೆ ಮರದ ನಾಲ್ಕು ಮಗ್ಗುಲಿನ ಫೋಟೊ, ಅಪಾಯ ಕಾಣುವ ಜಾಗದ ಹತ್ತಿರದ ಫೋಟೊ, ಯಾವ ಕೊಂಬೆ ಎಂಬ ಗುರುತು ಇಟ್ಟುಕೊಡಿ. 'ಮರ ಕಡಿಯಲು ಅನುಮತಿ' ಎಂದು ಬರೆಯುವ ಬದಲು 'ಮನೆಯ ಛಾವಣಿ ಮೇಲೆ ಬಾಗಿದ ಎರಡು ಕೊಂಬೆಗಳನ್ನು ಸವರಲು' ಎಂದು ಬರೆಯಿರಿ. ಕೇಳಿದಷ್ಟೇ ಸಿಗುತ್ತದೆ, ಸಿಕ್ಕಷ್ಟೇ ಕತ್ತರಿಸಲು ಆಗುತ್ತದೆ. ಈ ಕಟ್ಟು ಮರಕ್ಕೂ ಒಳ್ಳೆಯದೇ.

ಮರದ ವಿಷಯದಲ್ಲಿ ನಾಸಿಕದ ಜನ ಸುಮ್ಮನಿರುವವರಲ್ಲ ಎಂಬುದನ್ನೂ ಹೇಳಬೇಕು. ಅಲ್ಲಿನ ಪಂಚವಟಿಗೆ ಆ ಹೆಸರು ಬಂದದ್ದೇ ಐದು ಆಲದ ಮರಗಳಿಂದ. ಉಂಟವಾಡಿಯ ಹಳೆಯ ಆಲದ ಮರ ಮೇಲ್ಸೇತುವೆಯ ದಾರಿಗೆ ಅಡ್ಡ ಬಂದಾಗ ಊರಿನವರು ಹಟ ಹಿಡಿದು ನಿಂತರು. ಸಿಂಹಸ್ಥ ಕುಂಭಮೇಳದ ಸಾಧುಗ್ರಾಮಕ್ಕಾಗಿ ತಪೋವನದ ಮರಗಳನ್ನು ತೆಗೆಯುವ ಮಾತು 2025ರ ಕೊನೆಯಲ್ಲಿ ಬಂದಾಗ ಮತ್ತೆ ಬೀದಿಗಿಳಿದರು. ಹಾಗಿದ್ದೂ ವರ್ಷವರ್ಷ ಮಳೆಗಾಲದ ಹೆಸರಿನಲ್ಲಿ ನಡೆಯುವ ಕೆಟ್ಟ ಸವರುವಿಕೆಯ ಕಡೆ ಯಾರ ಗಮನವೂ ಹೋಗುವುದಿಲ್ಲ. ಒಂದೇ ಏಟಿಗೆ ಬೀಳುವ ಮರ ಕಣ್ಣಿಗೆ ಬೀಳುತ್ತದೆ; ಹತ್ತು ವರ್ಷ ಕೊಳೆತು ಬೀಳುವ ಮರಕ್ಕೆ ಗಾಳಿಮಳೆಯ ಮೇಲೆ ಆರೋಪ ಹೋಗುತ್ತದೆ.

ಹತ್ತುವ ಮೊದಲು ಸುತ್ತು ಹಾಕಬೇಕು

ಬಲ್ಲವನು ಬಂದ ತಕ್ಷಣ ಹತ್ತುವುದಿಲ್ಲ. ಮೊದಲು ಮರದ ಸುತ್ತ ನಡೆದು ನೋಡುತ್ತಾನೆ, ಅದೂ ಬುಡದಿಂದ. ಬುಡದಲ್ಲಿ ಗಟ್ಟಿಯಾದ ತಟ್ಟೆಯಾಕಾರದ ಅಣಬೆ ಹೊರಬಂದಿದ್ದರೆ ಬೇರು ಒಳಗೆ ಕೊಳೆಯುತ್ತಿದೆ ಎಂದೇ ತಿಳಿಯಬೇಕು. ಒಂದು ಕಡೆಯ ಮಣ್ಣು ಮೇಲೆದ್ದು ಬಿರುಕು ಬಿಟ್ಟಿದೆಯೇ? ಮರ ಮೊದಲಿನಿಂದಲೂ ಬಾಗಿತ್ತೋ, ಈಚೆಗೆ ಬಾಗಿದ್ದೋ? ಹಳೆಯ ಬಾಗು ಆದರೆ ತುದಿ ಮತ್ತೆ ನೇರಕ್ಕೆ ಎದ್ದಿರುತ್ತದೆ. ಹೊಸ ಬಾಗು ಆದರೆ ಇಡೀ ಮರ ಕೋಲು ವಾಲಿದಂತೆ ವಾಲಿರುತ್ತದೆ. ಎರಡು ಕಾಂಡ ಒಂದೇ ಬುಡದಿಂದ ಸಮವಾಗಿ ಎದ್ದು ನಡುವೆ ತೊಗಟೆ ಒಳಸೇರಿಕೊಂಡಿದ್ದರೆ ಆ ಕವಲು ದುರ್ಬಲ. ಆಮೇಲೆ ಮರದ ಸುತ್ತಿಗೆಯಿಂದ ಕಾಂಡವನ್ನು ತಟ್ಟುತ್ತಾನೆ. ಗಟ್ಟಿ ಮರದ ಸದ್ದು ಚುಟುಕು. ಒಳಗೆ ಪೊಟರೆ ಇದ್ದರೆ ಸದ್ದು ದಪ್ಪವಾಗಿ ಮೊಳಗುತ್ತದೆ. ಕಾಂಡದೊಳಗೆ ಶಬ್ದದ ಅಲೆ ಕಳಿಸಿ ಕೊಳೆತದ ನಕ್ಷೆ ತೆಗೆಯುವ ಯಂತ್ರಗಳಿವೆ, ನಿಜ. ಆದರೆ ಅಂಗಳದ ಮರಕ್ಕೆ ಸುತ್ತಿಗೆ ಮತ್ತು ಕಿವಿಯಿಂದ ತಿಳಿಯುವುದು ಕಡಿಮೆ ಏನಲ್ಲ.

ನಾಸಿಕ, ಸಂಭಾಜಿನಗರ ಈ ಎರಡು ಊರುಗಳ ನೆಲದ ಗುಣ ಒಂದು ಇದೆ. ಎರಡೂ ದಖ್ಖನ್ನಿನ ಬಸಾಲ್ಟ್ ಬಂಡೆಯ ಮೇಲೆ ಕುಳಿತಿವೆ. ಮೇಲೆ ಎರಡು ಮೂರು ಅಡಿ ಮಣ್ಣು, ಕೆಳಗೆ ಮುರುಮು, ಅದರ ಕೆಳಗೆ ಕರಿಕಲ್ಲು ಇರುವ ಜಾಗಗಳೇ ಹೆಚ್ಚು. ಬೇರು ಆಳಕ್ಕೆ ಇಳಿಯಲಾರದೆ ಅಗಲಕ್ಕೆ ಹರಡುತ್ತದೆ. ಆ ಅಗಲದ ಬೇರನ್ನು ಚರಂಡಿಗೆಂದೋ ಕೇಬಲ್ಲಿಗೆಂದೋ ಜೆಸಿಬಿ ಕಡಿದು ಹೋದರೆ ಮೇಲಿನ ಮರ ಹಸಿರಾಗಿಯೇ ಇರುತ್ತದೆ, ಹಿಡಿತ ಮಾತ್ರ ಹೋಗಿರುತ್ತದೆ. ಅದಕ್ಕೇ ಮರದ ಹತ್ತಿರ ಈಚೆಗೆ ಅಗೆತ ನಡೆದಿತ್ತೇ ಎಂದು ಕೇಳದ ಕೆಲಸಗಾರನನ್ನು ನಾನು ನಂಬುವುದಿಲ್ಲ.

ಮೇಲೆ ನೋಡಬೇಕಾದದ್ದು ಮೂರು: ಒಣಗಿದ ಕೊಂಬೆ, ಗೂಡು, ತಂತಿ. ಕಾಗೆ ಏಪ್ರಿಲ್‌ನಿಂದ ಜೂನ್‌ವರೆಗೆ ಗೂಡಿನಲ್ಲಿರುತ್ತದೆ, ಬೆಳ್ಳಕ್ಕಿಗಳು ಮಳೆಗಾಲದಲ್ಲಿ. ಮರಿಯಿರುವ ಗೂಡನ್ನು ಕೆಡವುವಂತಿಲ್ಲ. ಆ ಕೊಂಬೆಯನ್ನು ಬಿಟ್ಟು ಕೆಲಸ ಮುಗಿಸಬೇಕು, ಇಲ್ಲವೇ ಮುಂದೂಡಬೇಕು. ಜೇನುಹುಟ್ಟು ಇದ್ದರೆ ಚೈನ್‌ಸಾ ಸದ್ದೇ ಸಾಕು ನೊಣ ಏಳಲು. ಇನ್ನು ತಂತಿ. ವಿದ್ಯುತ್ ತಂತಿಗೆ 3 ಮೀಟರ್ ಒಳಗೆ ಕೊಂಬೆ ಇದ್ದರೆ ಅದು ಖಾಸಗಿ ಆಳಿನ ಕೆಲಸ ಅಲ್ಲವೇ ಅಲ್ಲ. ಮಹಾರಾಷ್ಟ್ರದ ವಿದ್ಯುತ್ ಕಂಪನಿ ಮಹಾವಿತರಣದ 1912ಕ್ಕೆ ಕರೆ ಮಾಡಿ, ಅವರ ಲೈನ್‌ಮನ್ ಬಂದು ವಿದ್ಯುತ್ ಕಡಿದ ಮೇಲೆಯೇ ಹಗ್ಗ ಮರಕ್ಕೆ ಹೋಗಬೇಕು. ಹಸಿ ಕೊಂಬೆಯಲ್ಲಿ ನೀರಿರುತ್ತದೆ. ತಂತಿಗೆ ತಗುಲಿದ ಕೊಂಬೆಯೇ ತಂತಿಯಾಗುತ್ತದೆ.

ಹತ್ತುವವನ ಮೈಮೇಲೆ ಏನಿರಬೇಕು

ಮರ ಹತ್ತುವ ಕಸುಬು ನಮಗೆ ಹೊಸದಲ್ಲ. ಶಿರಸಿ, ಸಿದ್ದಾಪುರದ ಅಡಿಕೆ ತೋಟದಲ್ಲಿ ಕೊನೆಗಾರ ಕಾಲಿಗೆ ತಳೆ ಹಾಕಿ ಏರಿ, ಒಂದು ಮರದಿಂದ ಇನ್ನೊಂದಕ್ಕೆ ದಾಟಿ, ಗೊನೆಯನ್ನು ಹಗ್ಗದ ಮೇಲೆ ಜಾರಿಸಿ ನೆಲಕ್ಕೆ ಇಳಿಸುತ್ತಾನೆ. ಹಾಗೆ ಏರುವವರು ಕಡಿಮೆಯಾದಾಗ ಬಂಟ್ವಾಳ ಬಳಿಯ ಸಜಿಪಮೂಡದ ಗಣಪತಿ ಭಟ್ಟರು ಅಡಿಕೆ ಮರ ಏರುವ ಬೈಕನ್ನೇ ಕಟ್ಟಿದರು. ತೆಂಗಿಗೆ ಕಾಲಲ್ಲಿ ತುಳಿದು ಏರುವ ಯಂತ್ರವಿದೆ. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಯುವಕರಿಗೆ ಅದರ ತರಬೇತಿ ಕೊಟ್ಟಿದೆ. ಆದರೆ ಇವೆಲ್ಲ ಕವಲಿಲ್ಲದ, ನೇರ ಕಾಂಡದ ಮರಗಳ ಉಪಾಯ. ಆಲ, ಅರಳಿ, ಮಳೆಮರ, ಬೇವು ಇವುಗಳಲ್ಲಿ ಕೆಲಸ ಇರುವುದು ಕಾಂಡದಿಂದ ದೂರ, ಕೊಂಬೆಯ ತುದಿಯ ಕಡೆ. ಅಲ್ಲಿಗೆ ಹೋಗಲು ಹಗ್ಗ ಬೇಕು.

ಹೇಗೆ ಏರುತ್ತಾರೆ ಎಂದರೆ, ಮೊದಲು 250ರಿಂದ 400 ಗ್ರಾಂ ತೂಕದ ಸಣ್ಣ ಚೀಲಕ್ಕೆ ತೆಳುದಾರ ಕಟ್ಟಿ, ಗಟ್ಟಿಯಾದ ಕವಲಿನ ಮೇಲಿಂದ ಹಾಯುವಂತೆ ಎಸೆಯುತ್ತಾರೆ. ಆ ದಾರದ ಬಾಲಕ್ಕೆ ನಿಜವಾದ ಹಗ್ಗ ಕಟ್ಟಿ ಎಳೆದುಕೊಳ್ಳುತ್ತಾರೆ. ನೆಲದಲ್ಲಿ ನಿಂತೇ ಇಬ್ಬರು ಅದಕ್ಕೆ ಜೋತು ಬಿದ್ದು ಕವಲು ತಡೆಯುತ್ತದೆಯೇ ಎಂದು ನೋಡುತ್ತಾರೆ. ಆಮೇಲೆ ಹಾರ್ನೆಸ್ಸಿನಿಂದ ಹೊರಟ ಸಣ್ಣ ಹಗ್ಗವನ್ನು ದೊಡ್ಡ ಹಗ್ಗಕ್ಕೆ ಪ್ರೂಸಿಕ್‌ನಂಥ ಘರ್ಷಣೆಯ ಗಂಟಿನಿಂದ ಸುತ್ತುತ್ತಾರೆ. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ಬಳಕೆಗೆ ತಂದ ಗಂಟು ಅದು. ಕೈಯಲ್ಲಿ ಹಿಡಿದು ತಳ್ಳಿದರೆ ಸುರುಳಿಗಳು ಸಡಿಲವಾಗಿ ಮೇಲಕ್ಕೆ ಜರುಗುತ್ತವೆ. ಕೈ ಬಿಟ್ಟು ಮೈಭಾರ ಹಾಕಿದೊಡನೆ ಸುರುಳಿಗಳು ಹಗ್ಗವನ್ನು ಕಚ್ಚಿ ನಿಲ್ಲುತ್ತವೆ. ಏರುವವನು ಕುಳಿತಲ್ಲೇ ವಿಶ್ರಾಂತಿ ತೆಗೆದುಕೊಳ್ಳಬಹುದು, ಎರಡೂ ಕೈ ಬಿಟ್ಟು ಗರಗಸ ಹಿಡಿಯಬಹುದು. ಈಗ ಇದೇ ಕೆಲಸ ಮಾಡುವ ಲೋಹದ ಸಾಧನಗಳೂ ಬಂದಿವೆ, ದುಬಾರಿ. ಗಂಟು ಚೆನ್ನಾಗಿ ಬಂದರೆ ಅದೇ ಸಾಕು.

ಹಗ್ಗದ ವಿಷಯದಲ್ಲಿ ಮಾತ್ರ ರಾಜಿ ಬೇಡ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ ಹಳದಿ, ನೀಲಿ ಬಣ್ಣದ ಪ್ಲಾಸ್ಟಿಕ್ ಹಗ್ಗ ಪಾಲಿಪ್ರೊಪಿಲೀನಿನದು. ಗಂಟು ಜಾರುತ್ತದೆ, ಬಿಸಿಲಿಗೆ ಪುಡಿಯಾಗುತ್ತದೆ, 160 ಡಿಗ್ರಿ ಸುಮಾರಿಗೇ ಕರಗುತ್ತದೆ. ಹಗ್ಗದ ಮೇಲೆ ಹಗ್ಗ ಉಜ್ಜಿದ ಬಿಸಿಯಲ್ಲಿ ಅಷ್ಟು ಶಾಖ ಹುಟ್ಟುವುದು ಕ್ಷಣದ ಮಾತು. ಮರ ಹತ್ತಲು ಬೇಕಾದದ್ದು 11ರಿಂದ 13 ಮಿಲಿಮೀಟರ್ ದಪ್ಪದ, ಹೆಚ್ಚು ಹಿಗ್ಗದ, ಹೊರಕವಚ ಹೆಣೆದ ಹಗ್ಗ. ಪರ್ವತಾರೋಹಣದ ಸಾಮಾನು ಮಾರುವವರಲ್ಲಿ, ಕಟ್ಟಡದ ಹೊರಗೋಡೆ ತೊಳೆಯುವವರಿಗೆ ಹಗ್ಗ ಕೊಡುವವರಲ್ಲಿ ಅದು ಸಿಗುತ್ತದೆ. ಸಹ್ಯಾದ್ರಿಯ ಕೋಟೆ ಹತ್ತುವ ಹುಡುಗರು ನಾಸಿಕದಲ್ಲಿ ಬೇಕಾದಷ್ಟಿದ್ದಾರೆ. ಎಲ್ಲಿ ಸಿಗುತ್ತದೆ ಎಂದು ಅವರನ್ನೇ ಕೇಳಿ. ಬಂಡೆ ಹತ್ತುವ ಹಿಗ್ಗುವ ಹಗ್ಗ ಮಾತ್ರ ಈ ಕೆಲಸಕ್ಕೆ ಬೇಡ, ಅದರಲ್ಲಿ ಕುಳಿತರೆ ತೂಗುತ್ತಲೇ ಇರುತ್ತೀರಿ.

ಕೆಲಸಕ್ಕೆ ಬಂದವನು ಹಗ್ಗವನ್ನು ಹೇಗೆ ನೋಡುತ್ತಾನೆ ಎಂಬುದರಿಂದಲೇ ಅವನ ಕಸುಬು ತಿಳಿದುಬಿಡುತ್ತದೆ. ಒಳ್ಳೆಯವನು ಬೆಳಿಗ್ಗೆ ಬಂದವನೇ ಇಡೀ ಹಗ್ಗವನ್ನು ಚೀಲದಿಂದ ಸುರಿದು, ಒಂದು ತುದಿಯಿಂದ ಶುರುಮಾಡಿ ಹೆಬ್ಬೆರಳು ತೋರುಬೆರಳ ನಡುವೆ ಮಾರು ಮಾರಾಗಿ ಹಾಯಿಸುತ್ತಾನೆ. ಕಣ್ಣು ಬೇರೆಡೆ ಇದ್ದರೂ ಬೆರಳು ನೋಡುತ್ತಿರುತ್ತದೆ. ಒಳಗಿನ ಎಳೆ ಮುರಿದಿದ್ದರೆ ಅಲ್ಲಿ ಹಗ್ಗ ಚಪ್ಪಟೆಯಾಗಿ ಸಿಗುತ್ತದೆ. ಬಿಸಿಗೆ ಕರಗಿದ್ದರೆ ನುಣುಪಾದ ಗಟ್ಟಿ ಮಚ್ಚೆ. ಗರಗಸದ ಹಲ್ಲು ತಗುಲಿದ್ದರೆ ಹೊರಕವಚದ ಎಳೆ ಬೆರಳಿಗೆ ಸಿಕ್ಕಿಕೊಳ್ಳುತ್ತದೆ. ಅಂಥ ಜಾಗ ಸಿಕ್ಕರೆ ಅಲ್ಲಿಗೇ ಹಗ್ಗ ತುಂಡರಿಸಿ, ಉಳಿದದ್ದನ್ನು ಸಾಮಾನು ಕಟ್ಟಲು ಇಟ್ಟುಬಿಡುತ್ತಾನೆ. ಪೆಟ್ರೋಲ್ ಡಬ್ಬದ ಪಕ್ಕ ಹಗ್ಗ ಇಟ್ಟು ಟೆಂಪೊದಲ್ಲಿ ತಂದವನನ್ನು ಹತ್ತಲು ಬಿಡಬೇಡಿ.

ಹಾರ್ನೆಸ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲೆಲ್ಲೂ ಇದೆ. ಕಟ್ಟಡದ ಕೆಲಸದವರ ಸೇಫ್ಟಿ ಬೆಲ್ಟ್ ಇದ್ದರೆ ಆಯಿತು ಎನ್ನುತ್ತಾರೆ. ಬೆನ್ನ ಹಿಂದೆ ಕೊಂಡಿ ಇರುವ ಆ ಪಟ್ಟಿ ಬಿದ್ದವನನ್ನು ತಡೆದು ನೇತುಹಾಕಲು ಮಾಡಿದ್ದು; ಅದರಲ್ಲಿ ಕುಳಿತು ಕೆಲಸ ಮಾಡಲಾಗದು. ಬರೀ ಸೊಂಟದ ಬೆಲ್ಟ್ ಆದರೆ ಇನ್ನೂ ಕೆಟ್ಟದ್ದು, ನೇತಾಡಿದಾಗ ಉಸಿರಿಗೇ ಸಂಚಕಾರ. ಮರ ಹತ್ತುವವರ ಹಾರ್ನೆಸ್ಸಿನಲ್ಲಿ ತೊಡೆಗೆ ಅಗಲ ಪಟ್ಟಿ, ಸೊಂಟಕ್ಕೆ ಮೆತ್ತೆ, ಮುಂದೆ ಹಗ್ಗ ಸೇರುವ ಕೊಂಡಿ, ಎರಡೂ ಪಕ್ಕೆಗೆ ಉಂಗುರಗಳಿರುತ್ತವೆ. ಪಕ್ಕೆಯ ಆ ಉಂಗುರಗಳಿಗೆ ಎರಡನೇ ಹಗ್ಗ ಬರುತ್ತದೆ: ಕಾಂಡವನ್ನು ಅಥವಾ ಕೊಂಬೆಯನ್ನು ಬಳಸಿ ತನ್ನನ್ನು ಕಟ್ಟಿಕೊಳ್ಳುವ ಗಿಡ್ಡ ಹಗ್ಗ. ಚೈನ್‌ಸಾ ಹಿಡಿಯುವಾಗ ಆ ಗಿಡ್ಡ ಹಗ್ಗದ ಒಳಗೆ ಉಕ್ಕಿನ ತಂತಿ ಇರುವುದು ಮೇಲು.

ಈ ಕಸುಬಿನ ಮೂಲ ನಿಯಮ ಇದೇ: ಗರಗಸ ಕೈಗೆ ಬಂದ ಕ್ಷಣದಿಂದ ಮೈ ಎರಡು ಕಡೆ ಮರಕ್ಕೆ ಕಟ್ಟಿರಬೇಕು. ಒಂದು ಹಗ್ಗ ಕತ್ತರಿಸಿ ಹೋದರೂ ಇನ್ನೊಂದು ಉಳಿಯಬೇಕು. ನೆಲದಲ್ಲಿ ನಿಂತವರೂ ಇದನ್ನು ಎಣಿಸಬಹುದು. ಒಂದೇ ಹಗ್ಗ ಕಂಡರೆ ಕೂಗಿ ನಿಲ್ಲಿಸಿ. ಕೊಂಡಿಗಳು ತಾನೇ ಬೀಗ ಬೀಳುವ ಕ್ಯಾರಬೀನರ್ ಆಗಿರಬೇಕು, ಮೈಮೇಲೆ 23 ಕಿಲೋನ್ಯೂಟನ್‌ಗೆ ಕಡಿಮೆಯಿಲ್ಲದ ಅಂಕಿ ಕೆತ್ತಿರಬೇಕು. ಕೀಲಿಕೈ ಗೊಂಚಲಿಗೆ ಹಾಕುವ ಅಂಗಡಿ ಕೊಂಡಿಗಳಲ್ಲ. ಹೆಲ್ಮೆಟ್ಟಿಗೆ ಗದ್ದದ ಪಟ್ಟಿ ಬೇಕು. ಕಣ್ಣಿಗೆ ಜಾಲರಿ, ಕಿವಿಗೆ ಮುಚ್ಚಳ. ಚೈನ್‌ಸಾ ಹಿಡಿದವನ ಕಾಲಿಗೆ ಉದ್ದ ಎಳೆಗಳ ಪದರ ತುಂಬಿದ ಪ್ಯಾಂಟು ಬೇಕು. ಸರಪಳಿ ತಗುಲಿದರೆ ಆ ಎಳೆಗಳು ಹೊರಬಂದು ಚಕ್ರಕ್ಕೆ ಸುತ್ತಿಕೊಂಡು ಗರಗಸವನ್ನೇ ನಿಲ್ಲಿಸುತ್ತವೆ.

ಕಾಲಿಗೆ ಕಟ್ಟುವ ಉಕ್ಕಿನ ಮುಳ್ಳುಗಳಿವೆ. ಕಂಬ ಏರಿದಂತೆ ಸರಾಗವಾಗಿ ಏರಬಹುದು. ಪ್ರತಿ ಹೆಜ್ಜೆಯೂ ಹಸಿ ತೊಗಟೆಯಲ್ಲಿ ಒಂದು ತೂತು, ಪ್ರತಿ ತೂತೂ ಕೊಳೆತಕ್ಕೆ ಒಂದು ಬಾಗಿಲು. ತೆಗೆದೇ ಹಾಕಬೇಕಾದ ಮರಕ್ಕೆ ಮಾತ್ರ ಮುಳ್ಳು. ಉಳಿಯಬೇಕಾದ ಮರಕ್ಕೆ ಬೇಡ. ಕವಲಿನ ಮೇಲೆ ಹಗ್ಗ ಉಜ್ಜಿ ತೊಗಟೆ ಕಿತ್ತುಬರದ ಹಾಗೆ ಎರಡು ಉಂಗುರದ ಪಟ್ಟಿಯೊಂದನ್ನು ಕವಲಿಗೆ ಹಾಕಿ ಅದರೊಳಗೆ ಹಗ್ಗ ಓಡಿಸುವುದೂ ಇದೇ ಕಾಳಜಿಯಿಂದ.

ಇನ್ನೊಂದು ಮಾತು, ಎಲ್ಲರೂ ಮರೆಯುವುದು. ಮೇಲೆ ಹೋದವನಿಗೆ ಏಟು ಬಿದ್ದು ಹಾರ್ನೆಸ್ಸಿನಲ್ಲಿ ಅಲುಗಾಡದೆ ನೇತಾಡಿದರೆ ಕಾಲಿಗೆ ಇಳಿದ ರಕ್ತ ಮೇಲೆ ಬರದೆ ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಕುತ್ತು ಬರುತ್ತದೆ. ಆದ್ದರಿಂದ ಏರಿ ಇಳಿಸಿ ತರಬಲ್ಲ ಇನ್ನೊಬ್ಬ, ಅವನಿಗೊಂದು ಹಾರ್ನೆಸ್, ಒಂದು ಹಗ್ಗ ನೆಲದಲ್ಲಿ ಸಿದ್ಧವಾಗಿರಬೇಕು. ಒಬ್ಬನೇ ಬಂದವನಿಗೆ ಮರ ಹತ್ತಿಸಬೇಡಿ.

ಮೂರು ಕೊಯ್ತ

ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಚೈನ್‌ಸಾದಿಂದ ಉದ್ದಕ್ಕೆ ಸೀಳಿ, ಗಾಯ ಆದ ಮೇಲೆ ಒಳಗೆ ಏನಾಗುತ್ತದೆ ಎಂದು ನೋಡಿದವರು. ಅದುವರೆಗೆ ಮರದ ಗಾಯವೂ ನಮ್ಮ ಗಾಯದಂತೆ ಮಾಯುತ್ತದೆ ಎಂದು ನಂಬಿದ್ದರು. 1970ರ ದಶಕದಲ್ಲಿ ಶೈಗೊ ತೋರಿಸಿಕೊಟ್ಟದ್ದು ಬೇರೆ: ಮರ ಹಾಳಾದ ಭಾಗವನ್ನು ಸರಿಮಾಡುವುದಿಲ್ಲ, ಅದರ ಸುತ್ತ ಗೋಡೆ ಕಟ್ಟಿ ಅಲ್ಲೇ ಬಂಧಿಸುತ್ತದೆ, ಮೇಲೆ ಹೊಸ ಮರ ಬೆಳೆಸಿ ಮುಚ್ಚಿಬಿಡುತ್ತದೆ. ಮೂವತ್ತು ವರ್ಷದ ಹಿಂದಿನ ಗಾಯ ಒಳಗೆ ಹಾಗೆಯೇ ಇರುತ್ತದೆ. ಹೀಗಾಗಿ ಸವರುವವನ ಕೈಯಲ್ಲಿರುವುದು ಒಂದೇ: ಮರಕ್ಕೆ ಗೋಡೆ ಕಟ್ಟಲು ಅನುಕೂಲವಾಗುವ ಜಾಗದಲ್ಲಿ ಕೊಯ್ಯುವುದು.

ಆ ಜಾಗವನ್ನು ಮರವೇ ಗುರುತು ಮಾಡಿಟ್ಟಿರುತ್ತದೆ. ಕೊಂಬೆ ಕಾಂಡವನ್ನು ಸೇರುವಲ್ಲಿ, ಅಂಗಿಯ ತೋಳನ್ನು ಹೆಗಲಿಗೆ ಸೇರಿಸಿ ಹೊಲಿದ ಕಡೆ ಬಟ್ಟೆ ನೆರಿಗೆಗಟ್ಟಿದಂತೆ, ಒಂದು ಉಬ್ಬು ಇರುತ್ತದೆ. ಕಸುಬಿನವರು ಅದನ್ನು ಕಾಲರ್ ಎನ್ನುತ್ತಾರೆ. ಮೇಲ್ಭಾಗದಲ್ಲಿ ಒರಟು ತೊಗಟೆಯ ಒಂದು ಏಣು, ಕೆಳಭಾಗದಲ್ಲಿ ದಪ್ಪಗಾದ ಕುತ್ತಿಗೆ. ಗಾಯ ಮುಚ್ಚುವ ಅಂಗಾಂಶ ಇರುವುದು ಅದರಲ್ಲೇ. ಉಬ್ಬನ್ನು ಸೇರಿಸಿ ಕಾಂಡಕ್ಕೆ ಸಮನಾಗಿ ಕೊಯ್ದರೆ ಗಾಯವೂ ದೊಡ್ಡದು, ಮುಚ್ಚುವ ಶಕ್ತಿಯೂ ಹೋಯಿತು. ಉಬ್ಬಿನಿಂದ ದೂರ ಮೋಟು ಬಿಟ್ಟರೆ ಆ ಮೋಟು ಒಣಗಿ, ಕೊಳೆತು, ಕೊಳೆತವನ್ನು ಕಾಂಡದೊಳಕ್ಕೆ ಒಯ್ಯುತ್ತದೆ. ಉಬ್ಬಿನ ಹೊರ ಅಂಚಿಗೆ ತಾಗಿದಂತೆ, ಉಬ್ಬನ್ನು ಮುಟ್ಟದಂತೆ ಕೊಯ್ಯಬೇಕು.

ಕೈಯಲ್ಲಿ ಎತ್ತಿ ಹಿಡಿಯಲಾಗದ ಕೊಂಬೆಯನ್ನು ಒಂದೇ ಏಟಿಗೆ ಅಲ್ಲಿ ಕೊಯ್ಯಹೋದರೆ ಅದು ಅರ್ಧಕ್ಕೆ ಮುರಿದು ಕಾಂಡದ ತೊಗಟೆಯನ್ನು ಗಜದುದ್ದ ಸೀಳಿಕೊಂಡು ಬೀಳುತ್ತದೆ. ಅದಕ್ಕೆ ಮೂರು ಕೊಯ್ತ. ಮೊದಲನೆಯದು ಕಾಂಡದಿಂದ ಅಡಿಯಷ್ಟು ದೂರದಲ್ಲಿ, ಕೊಂಬೆಯ ಕೆಳಗಿನಿಂದ, ದಪ್ಪದ ಕಾಲು ಭಾಗದಷ್ಟು. ಎರಡನೆಯದು ಅದಕ್ಕಿಂತ ಎರಡು ಮೂರು ಇಂಚು ಆಚೆ, ಮೇಲಿನಿಂದ. ಕೊಂಬೆ ಮುರಿದು ಬೀಳುವಾಗ ಸೀಳು ಕೆಳಗಿನ ಕೊಯ್ತಕ್ಕೆ ಬಂದು ನಿಲ್ಲುತ್ತದೆ. ಈಗ ಉಳಿದದ್ದು ಹಗುರಾದ ಮೋಟು. ಅದನ್ನು ಒಂದು ಕೈಯಲ್ಲಿ ಆನಿಸಿ ಹಿಡಿದು, ಉಬ್ಬಿನ ಅಂಚಿನಲ್ಲಿ ಮೂರನೇ ಕೊಯ್ತವನ್ನು ಸಾವಕಾಶವಾಗಿ ಕೊಡುತ್ತಾರೆ. ಇದಕ್ಕೆ ಚೈನ್‌ಸಾಗಿಂತ ಕೈಗರಗಸ ವಾಸಿ. ಜಪಾನಿ ಮಾದರಿಯ ಬಾಗಿದ ಗರಗಸ ಎಳೆಯುವಾಗ ಕೊಯ್ಯುತ್ತದೆ, ತಳ್ಳುವಾಗಲ್ಲ; ಒಂದಡಿಯ ಅಲಗು ಸಾಕು, ಗಾಯ ನುಣುಪಾಗಿ ಬರುತ್ತದೆ. ಮಚ್ಚು, ಕೊಡಲಿಯ ಏಟಿನಲ್ಲಿ ಈ ನುಣುಪು ಬರದು, ಎಳೆಗಳು ಜಜ್ಜಿ ನೀರು ನಿಲ್ಲುತ್ತದೆ.

ಗಾಯಕ್ಕೆ ಡಾಂಬರು, ಪೇಂಟು, ಕೆಮ್ಮಣ್ಣು ಬಳಿಯುವುದು ಬಿಟ್ಟುಬಿಡಿ. ಒಳಗಿನ ತೇವವನ್ನು ಮುಚ್ಚಿಡುವುದು ಬಿಟ್ಟರೆ ಕೊಳೆತ ತಡೆಯಲು ಅದರಿಂದ ಆಗುವುದಿಲ್ಲ. ಇದನ್ನೂ ಶೈಗೊ ಸೀಳಿ ತೋರಿಸಿದ್ದಾರೆ.

ತಲೆ ಹಾರಿಸುವ ಪದ್ಧತಿಯಂತೂ ಮರಕ್ಕೆ ಮಾಡುವ ದೊಡ್ಡ ದ್ರೋಹ. ಎತ್ತರ ಕಡಿಮೆಯಾದರೆ ಗಾಳಿಗೆ ಬೀಳುವುದಿಲ್ಲ ಎಂಬ ನಂಬಿಕೆಯಿಂದ ಮಾಡುತ್ತಾರೆ. ಆಗುವುದು ತಿರುಗುಮುರುಗು. ಎಲೆ ಕಳೆದುಕೊಂಡ ಮರ ಹಸಿವಿಗೆ ಗಾಬರಿಯಾಗಿ ಕೊಯ್ದ ಅಂಚಿನ ತೊಗಟೆಯಿಂದ ಹತ್ತಾರು ಚಿಗುರು ಹೊರಡಿಸುತ್ತದೆ. ಎರಡು ಮಳೆಗಾಲದಲ್ಲಿ ಅವು ಮೊದಲಿನ ಎತ್ತರ ಮುಟ್ಟುತ್ತವೆ, ಆದರೆ ಬೇರೂರಿರುವುದು ಬರೀ ತೊಗಟೆಯಲ್ಲಿ, ಕೆಳಗೆ ಕೊಳೆಯುತ್ತಿರುವ ಮೋಟಿನ ಮೇಲೆ. ಮುಂದಿನ ಬಿರುಗಾಳಿಗೆ ಮುರಿಯುವುದು ಅವೇ. ಒಂದು ವರ್ಷದಲ್ಲಿ ಹಸಿರು ಹಂದರದ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಮುದಿ ಮರದಲ್ಲಿ ಅದಕ್ಕೂ ಕಡಿಮೆ. ಒಣ ಕೊಂಬೆ, ಒಂದನ್ನೊಂದು ಉಜ್ಜುವ ಕೊಂಬೆ, ಛಾವಣಿ ಮೇಲೆ ಚಾಚಿದ ಕೊಂಬೆ ತೆಗೆದರೆ ಬಹುಪಾಲು ಅಪಾಯ ಮುಗಿದಿರುತ್ತದೆ. ಒಣ ಕೊಂಬೆಯನ್ನು ಯಾವಾಗ ಬೇಕಾದರೂ ತೆಗೆಯಬಹುದು. ಹಸಿ ಕೊಂಬೆಯ ದೊಡ್ಡ ಕೆಲಸಕ್ಕೆ ಮೇ ತಿಂಗಳ ತನಕ ಕಾಯದೆ ಫೆಬ್ರುವರಿಯಲ್ಲೇ ಕೈಹಾಕುವುದು ಒಳ್ಳೆಯದು. ಗೂಡುಗಳೂ ಕಡಿಮೆ, ಕೆಲಸಗಾರನಿಗೂ ಅವಸರ ಇರುವುದಿಲ್ಲ.

ಕೊಂಬೆಯ ತೂಕ, ಚೈನ್‌ಸಾದ ಮೂತಿ

ಒಂದಡಿ ದಪ್ಪ, ಹತ್ತಡಿ ಉದ್ದದ ಹಸಿ ಕೊಂಬೆ ಸುಮಾರು 200 ಕೆಜಿ ತೂಗುತ್ತದೆ. ಕೆಳಗೆ ಗೋಡೆಯೋ ನಲ್ಲಿಯೋ ಕಾರೋ ಇದ್ದರೆ ಅದನ್ನು ಬೀಳಿಸುವಂತಿಲ್ಲ, ಇಳಿಸಬೇಕು. ಮೇಲಿನ ಗಟ್ಟಿ ಕವಲಿಗೆ ರಾಟೆ ಕಟ್ಟಿ, ಹಗ್ಗವನ್ನು ಅದರ ಮೂಲಕ ಹಾಯಿಸಿ, ಕೆಳಗೆ ಕಾಂಡದ ಬುಡಕ್ಕೆ ಎರಡು ಮೂರು ಸುತ್ತು ಹಾಕಿ ಒಬ್ಬ ಹಿಡಿಯುತ್ತಾನೆ. ಸುತ್ತಿನ ಘರ್ಷಣೆಯೇ ತೂಕ ತಡೆಯುತ್ತದೆ, ಅವನ ತೋಳಲ್ಲ. ಹಗ್ಗವನ್ನು ಕೈಗೆ ಸುತ್ತಿಕೊಂಡು ನಿಂತವನನ್ನು ಕಂಡರೆ ಕೂಡಲೇ ಬಿಡಿಸಿ. ಕೊಂಬೆ ಜಾರಿದರೆ ಅವನೇ ಮೇಲೆ ಹೋಗುತ್ತಾನೆ. ಹತ್ತಲು ಬಳಸಿದ ಹಗ್ಗವನ್ನು ಕೊಂಬೆ ಇಳಿಸಲು, ಇಳಿಸಿದ್ದನ್ನು ಹತ್ತಲು ಎಂದೂ ಬಳಸಬಾರದು. ಬಿದ್ದ ಕೊಂಬೆಯ ಜಗ್ಗು ತೂಕದ ಹಲವು ಪಟ್ಟು ಇರುತ್ತದೆ, ಆ ಏಟು ತಿಂದ ಹಗ್ಗ ಹೊರಗೆ ಚೆನ್ನಾಗಿಯೇ ಕಾಣುತ್ತದೆ.

ಚೈನ್‌ಸಾ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ಅಲಗಿನ ಮೂತಿಯ ಮೇಲರ್ಧ ಏನನ್ನಾದರೂ ತಾಗಿದರೆ ಇಡೀ ಯಂತ್ರ ಮುಖದ ಕಡೆ ಚಿಮ್ಮುತ್ತದೆ. ಅದಕ್ಕೆ ಎರಡೂ ಕೈಯ ಹಿಡಿತ ಮತ್ತು ಕೆಲಸ ಮಾಡುವ ಚೈನ್ ಬ್ರೇಕ್ ಬೇಕೇ ಬೇಕು. ಏಣಿಯ ಮೇಲೆ ನಿಂತು ಚೈನ್‌ಸಾ ಹಿಡಿಯುವುದು ಬಲ್ಲವರಾರೂ ಒಪ್ಪದ ಕೆಲಸ. ಕೃಷಿ ಸಾಮಾನಿನ ಅಂಗಡಿಗಳಲ್ಲಿ ಈಗ ಅಗ್ಗದ ಯಂತ್ರಗಳು ರಾಶಿ ಬಿದ್ದಿವೆ; ಮನೆಯವರೇ ಕೊಂಡು ತಂದು ಪ್ರಯತ್ನಿಸುವುದು ಬೇಡ ಎಂದು ಕೈಮುಗಿದು ಕೇಳುತ್ತೇನೆ. ನೆಲದಲ್ಲಿ ನಿಂತು ಕೈಗೆಟುಕುವ, ಮುಂಗೈ ದಪ್ಪದ ಕೊಂಬೆಗೆ ಕೈಗರಗಸ. ಅದಕ್ಕಿಂತ ಮೇಲಿನದಕ್ಕೆ ಬಲ್ಲವರು.

ಮಾತು ಮುಗಿಸುವ ಮೊದಲು

ಮಹಾರಾಷ್ಟ್ರದ ಈ ಊರುಗಳಲ್ಲಿ ಆಳುಗಳ ಮುಕಾದಮ ಬಂದು ಮರ ನೋಡಿ ಹೇಳುವ ಮಾತು ಬಹುತೇಕ ಒಂದೇ: 'ಪೈಸೆ ನಕೋ, ಲಾಕೂಡ್ ಆಮ್ಹಾಲಾ ದ್ಯಾ.' ದುಡ್ಡು ಬೇಡ, ಕಟ್ಟಿಗೆ ನಮಗೆ ಕೊಡಿ. ಕೇಳಲು ಲಾಭದ ವ್ಯವಹಾರ. ನನ್ನ ಮಟ್ಟಿಗೆ ಊರಿನ ಮರಗಳನ್ನು ಹಾಳುಮಾಡಿದ್ದು ಇದೊಂದೇ ಒಪ್ಪಂದ. ಕಟ್ಟಿಗೆಯೇ ಕೂಲಿಯಾದಾಗ ದಪ್ಪ ಕೊಂಬೆಯೇ ಬೇಕಾಗುತ್ತದೆ. ತೆಗೆಯಬೇಕಾದ ಒಣ ರೆಂಬೆ ಮರದಲ್ಲೇ ಉಳಿಯುತ್ತದೆ. ಕೂಲಿಯನ್ನು ದುಡ್ಡಿನಲ್ಲಿ ಕೊಡಿ, ಕಟ್ಟಿಗೆಯ ಲೆಕ್ಕ ಬೇರೆ ಮಾಡಿ. ತೆಗೆಯುವ ಕೊಂಬೆಗಳಿಗೆ ಮೊದಲೇ ಸುಣ್ಣದಿಂದ ಗುರುತು ಹಾಕಿ ಇಬ್ಬರೂ ಒಪ್ಪಿ. ಅಪಘಾತ ವಿಮೆ ಇದೆಯೇ ಕೇಳಿ. ಹೆಲ್ಮೆಟ್, ಹಾರ್ನೆಸ್, ಎರಡು ಹಗ್ಗ ಕಣ್ಣಾರೆ ನೋಡಿ. ಇಷ್ಟೆಲ್ಲ ಇಟ್ಟುಕೊಂಡವನು ಎರಡು ಮೂರು ಪಟ್ಟು ಕೇಳುತ್ತಾನೆ. ಅವನಿಗೆ ಅಷ್ಟು ಸಲ್ಲಬೇಕು. ಬರಿಗಾಲಿನಲ್ಲಿ, ಸೊಂಟಕ್ಕೆ ಮಚ್ಚು ಸಿಕ್ಕಿಸಿಕೊಂಡು ಏರುವ ಹುಡುಗನ ಧೈರ್ಯ ಕಂಡು ಮೆಚ್ಚುವುದಕ್ಕಿಂತ, ಅವನನ್ನು ಹಾಗೆ ಕಳಿಸಿದವನಿಗೆ ಕೆಲಸ ಕೊಡದಿರುವುದು ಉಪಕಾರ.

ಮರ ದಾರಿಗೆ ಅಡ್ಡವಾಗಿದೆ, ಕಿತ್ತು ಬೇರೆಡೆ ನೆಡೋಣ ಎಂಬ ಸಲಹೆ ಈಗ ರಸ್ತೆ ಅಗಲಿಸುವಲ್ಲೆಲ್ಲ ಕೇಳಿಬರುತ್ತದೆ. ಲೆಕ್ಕ ಹಾಕಿ ನೋಡಿ. ಬೇರಿನ ಮಣ್ಣುಂಡೆಯ ಅಗಲ ಕಾಂಡದ ದಪ್ಪದ ಹತ್ತು ಪಟ್ಟಾದರೂ ಇರಬೇಕು. ಒಂದಡಿ ದಪ್ಪದ ಬೇವಿಗೆ ಹತ್ತಡಿ ಅಗಲದ ಉಂಡೆ. ಮೂರಡಿ ಆಳ ಹಿಡಿದರೂ ಹತ್ತು ಟನ್ನಿಗೂ ಹೆಚ್ಚು ತೂಕ. ಮೊದಲೇ ಹಂತಹಂತವಾಗಿ ಬೇರು ಕೊಯ್ದು ಸಿದ್ಧಪಡಿಸಿ, ನೆಟ್ಟ ಮೇಲೆ ಎರಡು ಮೂರು ವರ್ಷ ನೀರುಣಿಸುವುದಾದರೆ ಸರಿ. ಕಾಂಡವೊಂದನ್ನೇ ಉಳಿಸಿ ಲಾರಿಗೆ ಹೇರಿದರೆ ಅದು ಸ್ಥಳಾಂತರ ಎಂಬ ಹೆಸರಿನ ಕಡಿತ.

ಆಲದ ಮರ ಮಾತ್ರ ಉದಾರಿ. ಸಂಭಾಜಿನಗರದ ಪನ್‌ಚಕ್ಕಿಯ ಅಂಗಳದಲ್ಲಿ ನೆರಳು ಹಾಸಿರುವಂಥ ಹಳೆಯ ಆಲಗಳಿಗೆ ಗರಗಸಕ್ಕಿಂತ ಆಸರೆ ಮುಖ್ಯ. ತೂಗುವ ಬಿಳಲನ್ನು ಸೀಳಿದ ಬಿದಿರು ಅಥವಾ ಪೈಪಿನೊಳಗೆ ಮಣ್ಣು ಗೊಬ್ಬರ ತುಂಬಿ ನೆಲದತ್ತ ಇಳಿಸಿದರೆ ಅದೇ ಕಂಬವಾಗಿ ಉದ್ದನೆಯ ಕೊಂಬೆಯನ್ನು ಹೊರುತ್ತದೆ. ಬೆಂಗಳೂರಿನ ಕೇತೋಹಳ್ಳಿಯ ದೊಡ್ಡಾಲದ ಮರದ ತಾಯಿಕಾಂಡ 2000ದ ಸುಮಾರಿಗೆ ರೋಗದಿಂದ ಸತ್ತರೂ ಮರ ಇಂದಿಗೂ ನಿಂತಿರುವುದು ಬಿಳಲುಗಳ ಮೇಲೆ. ತೆಲಂಗಾಣದ ಮೆಹಬೂಬ್‌ನಗರದ ಪಿಲ್ಲಲಮರ್ರಿಗೆ ಗೆದ್ದಲು ಹತ್ತಿದಾಗ 2018ರಲ್ಲಿ ಸಲೈನ್ ಬಾಟಲಿಗಳನ್ನು ಕೊಂಬೆಗೆ ಕಟ್ಟಿ ಕೀಟನಾಶಕ ಹನಿಸಿ, ಭಾರದ ಕೊಂಬೆಗಳಿಗೆ ಕಂಬದ ಆಸರೆ ಕೊಟ್ಟು ಉಳಿಸಿದರು. ಬಸ್ಸಿಗೆ ತಗುಲುತ್ತದೆ ಎಂದು ಬಿಳಲು ಕತ್ತರಿಸುವ ಮೊದಲು ಎಲ್ಲವನ್ನೂ ಕತ್ತರಿಸಲೇಬೇಕೇ, ಒಂದೆರಡನ್ನು ಪಕ್ಕಕ್ಕೆ ತಿರುಗಿಸಿ ಇಳಿಸಬಹುದೇ ಎಂದು ಯೋಚಿಸಿ.

ಸವರಿದ ಮೇಲೆ ಮಾಡಬೇಕಾದ ಕೆಲಸ ಸ್ವಲ್ಪವೇ. ಬುಡದ ಸುತ್ತ ಕಾಂಕ್ರೀಟು, ಪೇವರ್ ಇದ್ದರೆ ಕಾಂಡದ ಸುತ್ತಲೂ ಕನಿಷ್ಠ ಒಂದು ಮೀಟರ್ ಜಾಗ ಬಿಡಿಸಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದಿಲ್ಲಿಯ ಮರಗಳಿಗೆ ಇಷ್ಟು ಜಾಗ ಬಿಡಬೇಕೆಂದು ಆದೇಶಿಸಿದೆ. ಹೊಡೆದ ಮೊಳೆ, ಸುತ್ತಿದ ತಂತಿ ತೆಗೆಯಿರಿ. ಸವರಿದ ಸಣ್ಣ ರೆಂಬೆ ಎಲೆಗಳನ್ನೇ ಕಾಂಡಕ್ಕೆ ತಾಗದಂತೆ ಬುಡದ ಸುತ್ತ ಮೂರು ನಾಲ್ಕು ಇಂಚು ಹರಡಿದರೆ ಬೇಸಿಗೆಯ ತೇವ ಉಳಿಯುತ್ತದೆ. ಮುಂದಿನ ಮಳೆಗಾಲ ಮುಗಿದ ಮೇಲೆ, ದಸರೆಯ ಹೊತ್ತಿಗೆ, ಕೊಯ್ದ ಜಾಗಗಳನ್ನು ಒಮ್ಮೆ ನೋಡಿ. ಗಾಯದ ಸುತ್ತ ಎಲ್ಲ ಕಡೆ ಸಮನಾಗಿ ತೊಗಟೆಯ ಅಂಚು ಉಬ್ಬಿ ಬಂದಿದ್ದರೆ ಕೊಯ್ತ ಸರಿಯಾದ ಜಾಗದಲ್ಲಿ ಬಿದ್ದಿದೆ. ಎರಡು ಪಕ್ಕಕ್ಕೆ ಮಾತ್ರ ಬಂದು ಮೇಲೆ ಕೆಳಗೆ ಬಾರದಿದ್ದರೆ ಉಬ್ಬಿಗೆ ಗರಗಸ ತಾಗಿದೆ ಎಂದರ್ಥ. ಮುಂದಿನ ಬಾರಿ ಆ ಕೆಲಸಗಾರನಿಗೆ ಅದನ್ನು ತೋರಿಸಿಯೇ ಮೇಲೆ ಹತ್ತಿಸಿ.